ಟೋಪಿ ಬದಲಾದ ಕಾಲದಲ್ಲಿ ದಿನಕರ ದೇಸಾಯಿ

ಪ್ರೈಮರಿ ಶಾಲೆಯಲ್ಲಿ ಗಡಿಯಾರದ ಮೇಲಿನ ಪದ್ಯ ಬಾಯಿಪಾಠ ಮಾಡದವರು ನಮ್ಮ ಹಾಸ್ಟೆಲ್‌ನಲ್ಲಿ ಕಡಿಮೆ. ಅದನ್ನು ಬರೆದವರು ದಿನಕರ ದೇಸಾಯಿ ಅಂತ ಕೆಲವರಿಗೆ ನೆನಪಿರ್ತದೆ. ಚುಟುಕು ಬರೆದವರು, ಚುಟುಕು ಬ್ರಹ್ಮ ಅಂತ ಹೆಸರಾದವರು ಅಂತ ಇನ್ನೂ ಕೆಲವರು ಹೇಳ್ತಾರೆ. ಅಲ್ಲಿಗೆ ಮುಗೀತು. ಈ ಮನುಷ್ಯನನ್ನು ಅವರ ಸ್ವಂತ ಜಿಲ್ಲೆಯಿಂದಲೇ ಐದು ವರ್ಷ ಹೊರಗೆ ಹಾಕಿದ್ದರು ಅನ್ನೋದು, ವಾಪಸ್ ಬಂದಾಗ ಊರಿನ ರಾಜಕೀಯ ಪೂರ್ತಿ ತಲೆಕೆಳಗಾಗಿತ್ತು ಅನ್ನೋದು ಪಠ್ಯಪುಸ್ತಕದ ಕವಿಪರಿಚಯದಲ್ಲಿ ಬರೋದಿಲ್ಲ. ನನಗೆ ಕುತೂಹಲ ಇರೋದು ಅಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಏಳೆಂಟು ವರ್ಷ, ಯಾರು ಬೇಕಾದರೂ ಯಾವ ಟೋಪಿ ಬೇಕಾದರೂ ಹಾಕಿಕೊಳ್ಳಬಹುದಾಗಿದ್ದ ಕಾಲದಲ್ಲಿ ಇವರು ಏನು ಮಾಡಿದರು?

ಮೊದಲು ಜಾಗ. ಕಾರವಾರದಿಂದ ಅಂಕೋಲೆಗೆ ಬಸ್ ಹತ್ತಿದರೆ ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ಹೀಗೆ ಊರುಗಳು ಸಾಲಾಗಿ ಬರ್ತವೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು, ನಡುವೆ ಪಟ್ಟಿಯ ಹಾಗೆ ಭತ್ತದ ಗದ್ದೆ. ಅರ್ಗಾದಲ್ಲಿ ಈಗ ಕಾಣೋದು ನೌಕಾನೆಲೆಯ ಕಾಂಪೌಂಡು. 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಐಎನ್ಎಸ್ ಕದಂಬ ಆಯಿತಲ್ಲ, ಅದು. ಆದರೆ ನಾನು ಹೇಳ್ತಿರೋ ಕಾಲದಲ್ಲಿ ಅಲ್ಲಿ ಸೀಬರ್ಡೂ ಇರಲಿಲ್ಲ, ಕೊಂಕಣ ರೈಲೂ ಇರಲಿಲ್ಲ. ಮುಂಬಯಿ ಪ್ರಾಂತ್ಯದ ತುದಿಯಲ್ಲಿ ಬಿದ್ದಿದ್ದ ಉತ್ತರ ಕನ್ನಡ ಜಿಲ್ಲೆ ಅದು. ಈ ಗದ್ದೆಗಳನ್ನು ಉಳುತ್ತಿದ್ದವರಲ್ಲಿ ಬಹಳ ಜನರಿಗೆ ಗದ್ದೆ ಸ್ವಂತದ್ದಲ್ಲ. ಗೇಣಿಯದು. ಅದರಲ್ಲೂ ಚಾಲಗೇಣಿ. ಮೂಲಗೇಣಿ ಅಂದರೆ ತಲೆಮಾರಿನಿಂದ ತಲೆಮಾರಿಗೆ ಖಾಯಂ ಹಕ್ಕು, ಒಡೆಯ ಸುಮ್ಮನೆ ಬಿಡಿಸೋ ಹಾಗಿಲ್ಲ. ಚಾಲಗೇಣಿ ಅಂದರೆ ವರ್ಷದ ಲೆಕ್ಕ. ಈ ವರ್ಷ ಉಳುಮೆ ಮಾಡು, ಬರೋ ವರ್ಷ ಒಡೆಯನ ಮರ್ಜಿ. ಹಾಲಕ್ಕಿ ಒಕ್ಕಲಿಗರಂಥವರು ಬೆಳೆದ ಭತ್ತದ ದೊಡ್ಡ ಪಾಲನ್ನು ಹೊತ್ತುಕೊಂಡು ಹೋಗಿ ಒಡೆಯರ ಅಂಗಳದಲ್ಲಿ ಅಳೆದು ಕೊಟ್ಟು ಬರಬೇಕಿತ್ತು. ಮೇಲಿಂದ ಬಿಟ್ಟಿ ಚಾಕರಿ ಬೇರೆ.

ದೇಸಾಯಿಯವರು ಹುಟ್ಟಿದ್ದು ಇದೇ ಅಂಕೋಲಾ ತಾಲೂಕಿನಲ್ಲಿ, 1909ರ ಸೆಪ್ಟೆಂಬರ್ 10ರಂದು. ಊರು ಅಲಗೇರಿ. ತಂದೆ ದತ್ತಾತ್ರೇಯ, ಶಾಲಾ ಮಾಸ್ತರರು. ಓದು ಕಾರವಾರ, ಬೆಂಗಳೂರು, ಮೈಸೂರು ಹೀಗೆ ಸಾಗಿ ಕೊನೆಗೆ ಮುಂಬಯಿಗೆ ಮುಟ್ಟಿತು. ಅಲ್ಲಿ ಎಂ.ಎ., ಎಲ್‌ಎಲ್‌.ಬಿ. ಎರಡೂ ಆಯಿತು. ಆ ಕಾಲಕ್ಕೆ ಇಷ್ಟು ಡಿಗ್ರಿ ಇದ್ದವರು ವಕೀಲಿ ಮಾಡಿ ಮನೆ ಕಟ್ಟಿಸೋದು ವಾಡಿಕೆ. ಇವರು ಹೋಗಿ ಸೇರಿದ್ದು ಭಾರತ ಸೇವಕ ಸಮಾಜಕ್ಕೆ. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಪುಣೆಯಲ್ಲಿ ಕಟ್ಟಿದ ಸಂಸ್ಥೆ ಅದು. ಸೇರುವವರು ಏಳು ಪ್ರತಿಜ್ಞೆ ಮಾಡಬೇಕು, ಅದರಲ್ಲಿ ಒಂದು ತನಗಾಗಿ ಹಣ ಗಳಿಸೋದಿಲ್ಲ ಅನ್ನೋದು. ಸಂಸ್ಥೆ ಕೊಡೋ ಅಲ್ಪ ಸಂಭಾವನೆಯಲ್ಲಿ ಸಂಸಾರ ನಡೀಬೇಕು. ಕ್ಯಾಂಪಸ್ ಪ್ಲೇಸ್‌ಮೆಂಟಿನ ಸೀಸನ್ನಿನಲ್ಲಿ ಇದನ್ನು ಓದ್ತಾ ಇರೋರಿಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು.

ಮುಂಬಯಿಯಲ್ಲಿ ಅವರ ಕೆಲಸ ಹಡಗು ಕಾರ್ಮಿಕರ ನಡುವೆ. ಕಾರ್ಮಿಕ ಚಳವಳಿಯ ಹಿರಿಯ ಎನ್.ಎಂ. ಜೋಶಿ ಅದೇ ಸಮಾಜದವರು. ದೇಸಾಯಿ ನಾವಿಕರ ಸಂಘದಲ್ಲಿ ದುಡಿದರು, ಅವರ ಸಂಬಳ, ನೇಮಕಾತಿ, ಹಡಗಿನೊಳಗಿನ ಬದುಕು ಎಲ್ಲವನ್ನೂ ಅಧ್ಯಯನ ಮಾಡಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಯುದ್ಧದಲ್ಲಿ ಸತ್ತ ಭಾರತೀಯ ವ್ಯಾಪಾರಿ ನಾವಿಕರ ಸಂಖ್ಯೆ 6,000ಕ್ಕೂ ಹೆಚ್ಚು. ಇವರು ಸೈನಿಕರಲ್ಲ. ಬಾಯ್ಲರಿಗೆ ಕಲ್ಲಿದ್ದಲು ಹಾಕೋರು, ಡೆಕ್ ತೊಳೆಯೋರು, ಅಡಿಗೆಯವರು. ದೇಸಾಯಿ ತಮ್ಮ ಕಸುಬು ಕಲಿತದ್ದು ಇಂಥವರ ಜೊತೆ.

ಮುಂಬಯಿಯಲ್ಲಿ ಸಂಘ ಕಟ್ಟೋದು ಕಲಿತ ಮೇಲೆ ಅದನ್ನು ಊರಿಗೆ ತಂದರು. 1938ರಿಂದ 40ರ ನಡುವೆ ಅಂಕೋಲೆಯ ಸುತ್ತಮುತ್ತ ರೈತಕೂಟ ಕಟ್ಟಿ ಗೇಣಿದಾರರನ್ನು ಒಗ್ಗೂಡಿಸಿದರು. ಗೇಣಿ ಇಳಿಸಿ, ಬಿಟ್ಟಿ ಚಾಕರಿ ನಿಲ್ಲಿಸಿ, ಉಳುವವನೇ ಹೊಲದ ಒಡೆಯನಾಗಲಿ. ಇದರಲ್ಲಿ ಒಂದು ಸಿಕ್ಕು ಇತ್ತು, ಅದನ್ನು ಬಿಡಿಸಿ ಹೇಳಲೇಬೇಕು. ಅಂಕೋಲೆ ಸಾಮಾನ್ಯ ಊರಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಮೇಲೆ ಕರ ನಿರಾಕರಣೆ. ಜನ ಜಮೀನು ಕಳಕೊಂಡರು, ಮನೆಯ ಪಾತ್ರೆ ಪಗಡಿ ಜಪ್ತಿಯಾಯಿತು, ಆದರೂ ಕರ ಕಟ್ಟಲಿಲ್ಲ. ಕರ್ನಾಟಕದ ಬಾರ್ಡೋಲಿ ಅಂತ ಸುಮ್ಮನೆ ಹೆಸರು ಬರಲಿಲ್ಲ. ಆದರೆ ಕರ ನಿರಾಕರಣೆ ಅನ್ನೋದು ಖಾತೆ ಇರುವವನ ಹೋರಾಟ. ಚಾಲಗೇಣಿಯವನು ಸರ್ಕಾರಕ್ಕೆ ಕರ ಕಟ್ಟೋದೇ ಇಲ್ಲ, ಅವನು ಕಟ್ಟೋದು ಒಡೆಯನಿಗೆ ಗೇಣಿ. ಅವನ ಜಗಳ ಯಾರ ಜೊತೆ? ಬ್ರಿಟಿಷರು ಸಾವಿರ ಮೈಲಿ ದೂರ, ಒಡೆಯ ಪಕ್ಕದ ಕೇರಿಯಲ್ಲಿ. ಸ್ವಾತಂತ್ರ್ಯ ಬರಲಿ, ಆಮೇಲೆ ಇದನ್ನೆಲ್ಲ ನೋಡೋಣ ಅಂತ ಹೇಳೋದು ಸುಲಭವಾಗಿತ್ತು. ದೇಸಾಯಿ ಹಾಗೆ ಹೇಳಲಿಲ್ಲ. ಅದಕ್ಕೇ ಎರಡೂ ಕಡೆಯವರಿಗೆ ಅವರು ಪೂರ್ತಿ ನಮ್ಮವರು ಅನ್ನಿಸಲಿಲ್ಲ ಅಂತ ನನ್ನ ಊಹೆ.

1939ರ ಕೊನೆಗೆ ಯುದ್ಧದ ವಿಷಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮುಂಬಯಿ ಪ್ರಾಂತ್ಯ ಗವರ್ನರ್ ಕೈಗೆ ಹೋಯಿತು. 1940ರಲ್ಲಿ ಸರ್ಕಾರ ದೇಸಾಯಿಯವರನ್ನು ಉತ್ತರ ಕನ್ನಡ ಜಿಲ್ಲೆಯಿಂದ ಐದು ವರ್ಷ ಗಡಿಪಾರು ಮಾಡಿತು. ಅವರು ಅಲಗೇರಿಗೆ ಕಾಲಿಡೋ ಹಾಗಿಲ್ಲ, ರೈತಕೂಟದ ಸಭೆಗೆ ಬರೋ ಹಾಗಿಲ್ಲ. ಮುಂಬಯಿಯೇ ಗತಿ. ನಾಯಕ ಹೊರಗಿದ್ದರೆ ಸಂಘಟನೆಗೆ ಏನಾಗ್ತದೆ ಅಂತ ಹೇಳಬೇಕಾಗಿಲ್ಲ.

ಆ ಐದು ವರ್ಷ ಇಲ್ಲಿ ಅಕ್ಕಿಯ ಕಾಲ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ರಂಗೂನ್ ಅಕ್ಕಿ ನಿಂತಿತು. ಬಂಗಾಳದಲ್ಲಿ ಬರ ಬಂತು, ಮುಂಬಯಿಯಲ್ಲಿ ರೇಶನ್ ಶುರುವಾಯಿತು, ಕಾಳಸಂತೆ ಅನ್ನೋ ಮಾತು ಮನೆಮಾತಾಯಿತು. ಗೇಣಿಯನ್ನು ಭತ್ತದಲ್ಲೇ ವಸೂಲಿ ಮಾಡುವ ಒಡೆಯನಿಗೆ ಇದರ ಅರ್ಥ ಏನು ನೋಡಿ. ಅದೇ ಗದ್ದೆ, ಅದೇ ಅಳತೆ, ಆದರೆ ಅಂಗಳಕ್ಕೆ ಬಂದು ಬೀಳೋ ಭತ್ತದ ಬೆಲೆ ಮಾತ್ರ ಏರ್ತಾನೇ ಇದೆ. ಅಳೆದು ಕೊಟ್ಟ ಮೇಲೆ ಉಳಿದದ್ದು ಮಳೆಗಾಲ ಮುಗಿಯೋವರೆಗೆ ಸಾಲದೆ, ಅದೇ ಭತ್ತವನ್ನು ಸಾಲಕ್ಕೆ ವಾಪಸ್ ತರೋ ಗೇಣಿದಾರನಿಗೆ ಯುದ್ಧದ ದರದ ಲಾಭ ಇಲ್ಲ, ನಷ್ಟ ಮಾತ್ರ ಇದೆ.

1945ಕ್ಕೆ ಯುದ್ಧವೂ ಮುಗಿಯಿತು, ಗಡಿಪಾರಿನ ಅವಧಿಯೂ ಮುಗಿಯಿತು. ಜೂನ್‌ನಲ್ಲಿ ಕಾಂಗ್ರೆಸ್ ನಾಯಕರು ಜೈಲಿನಿಂದ ಹೊರಬಂದರು. ಇಂಗ್ಲೆಂಡಿನಲ್ಲಿ ಲೇಬರ್ ಸರ್ಕಾರ ಬಂತು. ಬ್ರಿಟಿಷರು ಹೋಗೋದು ಖಾತ್ರಿ, ಯಾವಾಗ ಅನ್ನೋದಷ್ಟೇ ಬಾಕಿ ಅಂತ ಎಂಥವನಿಗೂ ಗೊತ್ತಾಯಿತು. ಮೂರು ವರ್ಷದ ಹಿಂದೆ ಅಂಕೋಲೆಯ ಹುಡುಗರು ಚಲೇಜಾವ್ ಚಳವಳಿಗೆ ಇಳಿದಾಗ ಖಾದಿ ತೊಟ್ಟರೆ ಪೊಲೀಸರು ಹಿಂದೆ ಬೀಳ್ತಿದ್ದರು. ಈಗ ಅದೇ ಖಾದಿ ತೊಟ್ಟರೆ ಮಾಮಲೇದಾರರ ಕಚೇರಿಯಲ್ಲಿ ಕುರ್ಚಿ ಸಿಗ್ತದೆ. ನಾಲ್ಕಾಣೆ ಕೊಟ್ಟರೆ ಕಾಂಗ್ರೆಸ್ ಸದಸ್ಯ. ಯುದ್ಧದ ವರ್ಷಗಳಲ್ಲಿ ಸರ್ಕಾರಕ್ಕೆ ಕಂತ್ರಾಟು ಮಾಡಿದವರು, ವಾರ್ ಫಂಡಿಗೆ ಚಂದಾ ಕೊಟ್ಟವರು, ಏನೂ ಮಾಡದೆ ಮನೆಯಲ್ಲಿ ಕೂತವರು, ಎಲ್ಲರಿಗೂ ದೇಶ ಒಂದೇ ರಾತ್ರಿ ನೆನಪಾಯಿತು. ಇದು ನಮ್ಮ ಜಿಲ್ಲೆಯ ವಿಶೇಷ ಅಲ್ಲ, ಇಡೀ ದೇಶದಲ್ಲಿ ನಡೆದದ್ದು. 1948ರ ಜನವರಿ 12ರಂದು, ತಮ್ಮ ಕೊನೆಯ ಉಪವಾಸದ ಹಿಂದಿನ ದಿನ, ಗಾಂಧೀಜಿ ದಿಲ್ಲಿಯಲ್ಲಿ ಆಂಧ್ರದ ಹಿರಿಯ ಕಾಂಗ್ರೆಸಿಗ ಕೊಂಡ ವೆಂಕಟಪ್ಪಯ್ಯನವರ ಪತ್ರದ ವಿಷಯ ಎತ್ತಿದರು. ಶಾಸಕರಾದ ಕಾಂಗ್ರೆಸಿಗರು ಪ್ರಭಾವ ಮಾರಿ ದುಡ್ಡು ಮಾಡ್ತಿದಾರೆ, ಕೋರ್ಟಿನ ಕೆಲಸಕ್ಕೂ ಕೈಹಾಕ್ತಿದಾರೆ, ಬ್ರಿಟಿಷರೇ ವಾಸಿಯಿದ್ದರು ಅಂತ ಜನ ಆಡಿಕೊಳ್ತಾರೆ ಅನ್ನೋದು ಆ ಮುದುಕರ ಅಳಲು. ಸ್ವಾತಂತ್ರ್ಯ ಬಂದು ಆಗ ಐದೇ ತಿಂಗಳು. ಅದೇ ತಿಂಗಳ ಕೊನೆಗೆ, ಸಾಯುವ ಮುನ್ನ, ಕಾಂಗ್ರೆಸ್ಸನ್ನು ವಿಸರ್ಜಿಸಿ ಲೋಕಸೇವಕ ಸಂಘ ಮಾಡಿ ಅಂತ ಗಾಂಧೀಜಿ ಕರಡು ಬರೆದದ್ದೂ ಈ ಹಿನ್ನೆಲೆಯಲ್ಲೇ. ಅದನ್ನು ಯಾರೂ ಕೇಳಲಿಲ್ಲ. ಮಾರ್ಚಿನಲ್ಲಿ ಸಮಾಜವಾದಿಗಳು ಒಂದು ಬಾಗಿಲಿನಿಂದ ಹೊರಗೆ ಹೋದರು, ಇನ್ನೊಂದು ಬಾಗಿಲಿನಿಂದ ಒಳಗೆ ಬರೋರ ಸಾಲು ಮಾತ್ರ ನಿಲ್ಲಲಿಲ್ಲ.

ಕಾರ್ಮಿಕ ಸಂಘಗಳಲ್ಲೂ ಇದೇ ಕಥೆ. ಜೋಶಿಯವರು ಪ್ರಧಾನ ಕಾರ್ಯದರ್ಶಿಯಾಗಿದ್ದ ಎಐಟಿಯುಸಿ ಇರುವಾಗಲೇ 1947ರ ಮೇನಲ್ಲಿ ಕಾಂಗ್ರೆಸಿನವರು ಐಎನ್‌ಟಿಯುಸಿ ಕಟ್ಟಿದರು, 1948ರ ಡಿಸೆಂಬರಿನಲ್ಲಿ ಸಮಾಜವಾದಿಗಳು ಹಿಂದ್ ಮಜ್ದೂರ್ ಸಭಾ ಕಟ್ಟಿದರು. ಪಕ್ಷಕ್ಕೊಂದು ಯೂನಿಯನ್. ಹಡಗಿನ ಬಾಯ್ಲರ್ ಒಂದೇ, ಕಲ್ಲಿದ್ದಲೂ ಒಂದೇ.

ಇದರ ನಡುವೆ 1946ರ ಜನವರಿಯಿಂದ ಪ್ರಾಂತೀಯ ಚುನಾವಣೆಗಳು ನಡೆದವು. ಮುಂಬಯಿಯಲ್ಲಿ ಬಿ.ಜಿ. ಖೇರ್ ಮತ್ತೆ ಮುಖ್ಯಸ್ಥರಾದರು, ಕಂದಾಯ ಖಾತೆ ಮೊರಾರ್ಜಿ ದೇಸಾಯಿಯವರ ಕೈಗೆ ಬಂತು. ಈ ಚುನಾವಣೆಯಲ್ಲಿ ವೋಟು ಯಾರಿಗಿತ್ತು? 1935ರ ಕಾಯ್ದೆಯ ಪ್ರಕಾರ ಭೂಕಂದಾಯ, ತೆರಿಗೆ, ಓದುಬರಹ ಇಂಥ ಅರ್ಹತೆ ಇದ್ದವರಿಗೆ ಮಾತ್ರ. ದೇಶದ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ. ಒಡೆಯನಿಗೆ ವೋಟು ಇದೆ, ಓದು ಬಾರದ ಚಾಲಗೇಣಿಯವನಿಗೆ ಬಹುಮಟ್ಟಿಗೆ ಇಲ್ಲ. ಹಾಗಿರುವಾಗ ರೈತಕೂಟದ ಸಭೆಗೆ ಎಷ್ಟು ಸಾವಿರ ಜನ ಸೇರಿದರೂ ಬ್ಯಾಲೆಟ್ ಪೆಟ್ಟಿಗೆಯಲ್ಲಿ ಅದು ಸೊನ್ನೆಯ ಹತ್ತಿರ. ಒಡೆಯರು ಗೆಲ್ಲುವ ಪಕ್ಷದ ಕಡೆ ಸರಿದದ್ದು, ಆ ಪಕ್ಷ ಅವರನ್ನು ಬೇಡ ಅನ್ನದೇ ಇದ್ದದ್ದು, ಎರಡೂ ಅರ್ಥ ಆಗ್ತದೆ. ಅರ್ಥ ಆಗ್ತದೆ ಅಂದ ಮಾತ್ರಕ್ಕೆ ಸರಿ ಅಂತ ಅಲ್ಲ.

ಇದರ ಪರಿಣಾಮ ಭಾಷಣದಲ್ಲಿ ಅಲ್ಲ, ಕಾಯ್ದೆಯಲ್ಲಿ ಕಾಣಿಸಿತು. 1948ರ ಮುಂಬಯಿ ಗೇಣಿ ಕಾಯ್ದೆ ಓದೋಕೆ ಚೆನ್ನಾಗೇ ಇದೆ. ಗೇಣಿಗೆ ಮಿತಿ: ಒಣಭೂಮಿಯಲ್ಲಿ ಬೆಳೆಯ ಮೂರನೇ ಒಂದು, ನೀರಾವರಿಯಲ್ಲಿ ನಾಲ್ಕನೇ ಒಂದು. ಬಿಟ್ಟಿ ಚಾಕರಿ ರದ್ದು. ಹಳೆಯ ಗೇಣಿದಾರರಿಗೆ ಸಂರಕ್ಷಿತ ಗೇಣಿದಾರರು ಅನ್ನೋ ಪಟ್ಟ. ರೈತಕೂಟ ಹತ್ತು ವರ್ಷದ ಹಿಂದೆ ಕೇಳಿದ್ದರಲ್ಲಿ ಅರ್ಧ ಬಂದೇಬಿಟ್ಟಿತು ಅನ್ನಬೇಕು. ಆದರೆ ಒಳಗೆ ಒಂದು ಕಿಂಡಿ. ಒಡೆಯ ತಾನೇ ಸಾಗುವಳಿ ಮಾಡ್ತೇನೆ ಅಂತ ಒಂದು ವರ್ಷದ ನೋಟೀಸು ಕೊಟ್ಟರೆ ಭೂಮಿ ವಾಪಸ್ ಪಡೀಬಹುದು, 50 ಎಕರೆಯ ಮಿತಿಯೊಳಗೆ. ಉತ್ತರ ಕನ್ನಡದ ಕರಾವಳಿಯಲ್ಲಿ 50 ಎಕರೆ ಭತ್ತದ ಗದ್ದೆ ಅಂದರೆ ತಮಾಷೆಯಾ? ಅಲ್ಲಿಯ ಗದ್ದೆ ಎಣಿಸೋದೇ ಗುಂಟೆಯಲ್ಲಿ. ಇನ್ನೊಂದು ಕಿಂಡಿ, ಗೇಣಿದಾರ ತಾನಾಗಿಯೇ ಬಿಟ್ಟುಕೊಟ್ಟ ಅಂತ ಬರೆಸಿಕೊಳ್ಳೋದು. ಕೋಡ್ ಬರೆಯುವವರಿಗೆ ಗೊತ್ತು, ಎಲ್ಲ ಕಂಡೀಶನ್ ಸರಿಯಾಗಿ ಬರೆದು ಒಂದೇ ಒಂದು ಎಕ್ಸೆಪ್ಶನ್ ತೆರೆದಿಟ್ಟರೆ ಟ್ರಾಫಿಕ್ಕೆಲ್ಲ ಅಲ್ಲಿಂದಲೇ ಹೋಗ್ತದೆ.

ಹಾಗೇ ಆಯಿತು. ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆ ಈ ಕಾಯ್ದೆ ನೆಲದ ಮೇಲೆ ಹೇಗೆ ನಡೀತು ಅಂತ ತನಿಖೆ ಮಾಡಿತು. ವಿ.ಎಂ. ದಾಂಡೇಕರ್ ಮತ್ತು ಜಿ.ಜೆ. ಖುದನ್‌ಪುರ್ ಅವರ ವರದಿ 1957ರಲ್ಲಿ ಬಂತು. ಸಂರಕ್ಷಿತ ಗೇಣಿದಾರರ ಕೈಯಿಂದಲೇ ಭೂಮಿ ಒಡೆಯರಿಗೆ ವಾಪಸ್ ಹೋಗ್ತಾ ಇತ್ತು, ಅದರಲ್ಲಿ ಬಹಳಷ್ಟಕ್ಕೆ ಸ್ವಂತ ಇಚ್ಛೆಯ ಬಿಟ್ಟುಕೊಡುವಿಕೆ ಅನ್ನೋ ಹೆಸರು, ಗೇಣಿಯ ಮಿತಿಯನ್ನು ಕೇಳುವವರೇ ಇರಲಿಲ್ಲ ಅನ್ನೋದು ಅದರ ತಿರುಳು. ಈ ಗೋಖಲೆ ಸಂಸ್ಥೆ ದೇಸಾಯಿ ಇದ್ದ ಭಾರತ ಸೇವಕ ಸಮಾಜದ್ದೇ ಕೂಸು. ದೇಸಾಯಿ ಬೀದಿಯಲ್ಲಿ ಹೇಳಿದ್ದನ್ನು ಅವರ ಬಳಗದವರೇ ಅಂಕಿಅಂಶದಲ್ಲಿ ತೋರಿಸಿದ ಹಾಗಾಯಿತು, ಸ್ವಲ್ಪ ತಡವಾಗಿ.

ಈಗ ಪ್ರಶ್ನೆ. ಗಡಿಪಾರು ಮುಗಿಸಿ ಬಂದ, ಓದಿದ, ಮಾತು ಬಲ್ಲ, ಕವಿ ಬೇರೆ ಆಗಿದ್ದ, ಸಾವಿರಾರು ಗೇಣಿದಾರರಿಗೆ ಹೆಸರು ಗೊತ್ತಿದ್ದ ಮನುಷ್ಯ ಆಳುವ ಪಕ್ಷಕ್ಕೆ ಸೇರಿದ್ದರೆ ಏನಾಗ್ತಿತ್ತು? ಜೈಲಿಗೆ ಹೋಗಿ ಬಂದವರಿಗೆ ಅದೇ ಟಿಕೆಟ್ಟಿನ ಅರ್ಹತೆಯಾಗಿದ್ದ ದಿನಗಳವು. ಐದು ವರ್ಷದ ಗಡಿಪಾರನ್ನು ಇವರೂ ಅಂಗಡಿಯಲ್ಲಿ ಇಡಬಹುದಿತ್ತು. ಇಡಲಿಲ್ಲ. 1951-52ರ ಮೊದಲ ಮಹಾಚುನಾವಣೆಗೆ 21 ವರ್ಷ ತುಂಬಿದ ಎಲ್ಲರಿಗೂ ವೋಟು ಬಂತು, ಚಾಲಗೇಣಿಯವನಿಗೂ, ಅವನ ಹೆಂಡತಿಗೂ. ನಿನ್ನೆಯವರೆಗೆ ಅಂಗಳದಲ್ಲಿ ನಿಂತು ಭತ್ತ ಅಳೆದು ಕೊಡ್ತಿದ್ದವನ ಬಾಗಿಲಿಗೆ ಒಡೆಯರ ಕಡೆಯವರೇ ಕೈಮುಗಿದು ಹೋಗಬೇಕಾದ ಕಾಲ. ಆದರೂ ಕೆನರಾ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿಗೇ ಹೋಯಿತು. ಮುಂಬಯಿಯ ಪತ್ರಕರ್ತ, ಸ್ವಾತಂತ್ರ್ಯ ಹೋರಾಟಗಾರ ಜೋಕಿಂ ಆಳ್ವ ಆರಿಸಿ ಬಂದರು. 1957, 1962ರಲ್ಲೂ ಅವರೇ.

ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಶಾಲೆ ಇಲ್ಲದ ಕಡೆ ಶಾಲೆ. ಗೇಣಿದಾರರ ಮಕ್ಕಳು, ಬೆಸ್ತರ ಮಕ್ಕಳು, ಹಾಲಕ್ಕಿಗಳ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಹೀಗೆ. 1955ರಲ್ಲಿ ಜನಸೇವಕ ಅನ್ನೋ ವಾರಪತ್ರಿಕೆ ಶುರುಮಾಡಿದರು. ನಾಲ್ಕೇ ಸಾಲಿನ ಚುಟುಕುಗಳು ವಾರವಾರ ಬಂದದ್ದು ಅದರಲ್ಲಿ. ಮಂತ್ರಿ, ಪುಢಾರಿ, ಲಂಚ ತಿನ್ನೋ ಗುಮಾಸ್ತ, ವೋಟು ಮಾರಿಕೊಳ್ಳೋ ಮತದಾರ, ಕೆಲವು ಸಲ ಸ್ವತಃ ದಿನಕರ ಅನ್ನೋ ಕವಿಯೂ ಅದರಲ್ಲಿ ಸಿಕ್ಕಿಬೀಳ್ತಾನೆ. ವಾಟ್ಸಾಪ್ ಕಾಲದಲ್ಲಿ ಹುಟ್ಟಿದ್ದರೆ ದಿನಕ್ಕೆ ಹತ್ತು ಫಾರ್ವರ್ಡ್ ಆಗ್ತಿದ್ದವು. ನಾಲ್ಕು ಸಾಲಿನ ಅಳತೆ ಪ್ರಾಸದ ಖುಷಿಗೆ ಮಾತ್ರ ಅಲ್ಲ ಅನ್ನಿಸ್ತದೆ ನನಗೆ. ಓದು ಬಾರದವನೂ ಒಂದು ಸಲ ಕೇಳಿ ನೆನಪಿಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಇನ್ನೊಬ್ಬನಿಗೆ ಹೇಳಬಹುದಾದ ಗಾತ್ರ ಅದು. 1966ರಲ್ಲಿ ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜು ಬಂತು. ಜಿ.ಸಿ. ಕಾಲೇಜ್ ಅಂತ ಈಗ ಎಲ್ಲರೂ ಕರೆಯೋದು ಅದನ್ನೇ. ನಮ್ಮ ಜಿಲ್ಲೆಯಿಂದ ಇಂಜಿನಿಯರಿಂಗಿಗೆ ಬಂದ ಎಷ್ಟೋ ಮಂದಿಯ ಮನೆಯಲ್ಲಿ ಮೊದಲು ಕಾಲೇಜು ಕಂಡವರು ಅಲ್ಲಿಯೇ ಓದಿದವರು.

ಇಲ್ಲಿಗೆ ನಿಲ್ಲಿಸಿದರೆ ಇದು ಸಜ್ಜನರ ಕಥೆ ಆಗಿಬಿಡ್ತದೆ. ಆದರೆ ಇನ್ನೊಂದು ಕಡೆಯ ವಾದವೂ ಗಟ್ಟಿಯಾಗಿದೆ. ಕೈ ಚೊಕ್ಕಟ ಇಟ್ಟುಕೊಂಡವನು ಹೊರಗೆ ನಿಂತ, ಒಳಗೆ ಹೋದವರು ಕಾಯ್ದೆ ಬರೆದರು, ಆ ಕಾಯ್ದೆಯ ಕಿಂಡಿಯಲ್ಲಿ ಗೇಣಿದಾರನ ಗದ್ದೆ ಜಾರಿಹೋಯಿತು. ಶಾಸನಸಭೆಯಲ್ಲಿ ಕೂತು ಆ 50 ಎಕರೆಯ ಕಲಮಿಗೆ ಅಡ್ಡ ನಿಲ್ಲೋ ಅಂಕೋಲೆಯವನೊಬ್ಬ ಬೇಕಿತ್ತಲ್ಲ? ಶಾಲೆ ಕಲಿತ ಮಗ ಮುಂಬಯಿಗೆ ಹೋಗಿ ಗುಮಾಸ್ತನಾಗಬಹುದು, ಅಪ್ಪನ ಗದ್ದೆ ಅದರಿಂದ ಉಳಿಯೋದಿಲ್ಲ. ಅವಕಾಶವಾದಿಗಳು ಗೆದ್ದದ್ದು ಅವರ ಜಾಣತನದಿಂದ ಮಾತ್ರ ಅಲ್ಲ, ಬೇರೆಯವರು ಆ ಕುರ್ಚಿಗೆ ಮುಟ್ಟದೇ ಇದ್ದದ್ದರಿಂದಲೂ ಹೌದು. ಇದಕ್ಕೆ ದೇಸಾಯಿಯವರ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ: ಆಗಿನ ಕಾಂಗ್ರೆಸ್ಸಿನೊಳಗೇ ಭೂಸುಧಾರಣೆ ಬೇಕು ಅನ್ನೋ ಪ್ರಾಮಾಣಿಕರು ಬಹಳ ಇದ್ದರು, ಕಿಂಡಿ ಮುಚ್ಚೋಕೆ ಅವರಿಂದಲೂ ಆಗಲಿಲ್ಲ. ಇನ್ನೊಬ್ಬ ಸೇರಿದ್ದರೆ ಆಗ್ತಿತ್ತಾ? ನನಗೆ ಅನುಮಾನ. ಆದರೆ ಖಂಡಿತ ಆಗ್ತಿರಲಿಲ್ಲ ಅಂತ ಹೇಳೋ ಧೈರ್ಯವೂ ಇಲ್ಲ.

ಅವರಿಗೇ ಈ ಪ್ರಶ್ನೆ ಕಾಡಿರಬೇಕು. 1967ರ ಚುನಾವಣೆಯಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದುಬಂದರು. ಆಗ ವಯಸ್ಸು 57. ಒಂದು ಸಂಗತಿ ತಮಾಷೆಯಾಗಿದೆ. ಹರಿಯಾಣದ ಗಯಾಲಾಲ್ ಎನ್ನುವ ಶಾಸಕರು ಗಂಟೆಗಳ ಲೆಕ್ಕದಲ್ಲಿ ಪಕ್ಷ ಬದಲಾಯಿಸಿ ಆಯಾರಾಮ್ ಗಯಾರಾಮ್ ಅನ್ನೋ ಮಾತು ಹುಟ್ಟಿಹಾಕಿದ್ದು ಅದೇ ವರ್ಷ. ಇಪ್ಪತ್ತು ವರ್ಷದ ಹಿಂದೆ ಟೋಪಿ ಬದಲಾಯಿಸೋಕೆ ಕತ್ತಲಾಗುವವರೆಗೆ ಕಾಯ್ತಿದ್ದರು, ಈಗ ಹಗಲಲ್ಲೇ. ಐನೂರಕ್ಕೂ ಹೆಚ್ಚು ಜನರ ಸದನದಲ್ಲಿ ಒಬ್ಬ ಪಕ್ಷೇತರ ಏನು ಮಾಡಬಲ್ಲ? ಅದೂ ಭೂಮಿ ರಾಜ್ಯದ ವಿಷಯ, ದಿಲ್ಲಿಯದ್ದಲ್ಲ. 1971ರ ಇಂದಿರಾ ಅಲೆಯಲ್ಲಿ ಕ್ಷೇತ್ರ ಮತ್ತೆ ಕಾಂಗ್ರೆಸ್ ಕೈಗೆ ಹೋಯಿತು.

ಕಡೆಗೆ ಕಿಂಡಿ ಮುಚ್ಚಿದ್ದು ಕೂಡ ಅದೇ ಆಳುವ ಪಕ್ಷ. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಭೂಮಿಯೆಲ್ಲ ಸರ್ಕಾರದ್ದು, ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ ಅವನ ಹೆಸರಿಗೆ. ಕರಾವಳಿ ಜಿಲ್ಲೆಗಳಲ್ಲಿ ಇದು ಕೆಲಸ ಮಾಡಿದಷ್ಟು ರಾಜ್ಯದ ಬೇರೆಡೆ ಮಾಡಲಿಲ್ಲ ಅಂತ ಈ ವಿಷಯ ಬಲ್ಲವರು ಒಪ್ತಾರೆ. ಇಲ್ಲಿ ಗೇಣಿದಾರರು ಹೆಚ್ಚು ಅನ್ನೋದು ಒಂದು ಕಾರಣ. ಅರ್ಜಿ ಬರೆದುಕೊಡಬಲ್ಲ, ನ್ಯಾಯಮಂಡಳಿಯ ಮುಂದೆ ನಿಂತು ಮಾತಾಡಬಲ್ಲ ಹುಡುಗರು ಅಷ್ಟು ಹೊತ್ತಿಗೆ ಹಾಲಕ್ಕಿ ಕೊಪ್ಪಗಳಲ್ಲೂ ಇದ್ದರು ಅನ್ನೋದನ್ನು ಇನ್ನೊಂದು ಕಾರಣ ಅಂತ ನಾನು ಸೇರಿಸ್ತೇನೆ. ಆ ಹುಡುಗರು ಯಾವ ಶಾಲೆಯಲ್ಲಿ ಓದಿದವರು ಅಂತ ಕೇಳಿ ನೋಡಿ. ಅರ್ಗಾ ಕಡೆಯವರಿಗೆ ಮಾತ್ರ ಈ ಒಡೆತನ ಬಹಳ ದಿನ ಬಾಳಲಿಲ್ಲ. ಹತ್ತು ಹನ್ನೆರಡು ವರ್ಷ ಕಳೆಯೋದ್ರೊಳಗೆ ನೌಕಾನೆಲೆಗೆ ಅಂತ ಸ್ವಾಧೀನದ ನೋಟೀಸು ಬಂತು.

ದೇಸಾಯಿಯವರು ತಮ್ಮ ದೇಹದ ಬೂದಿ ಭತ್ತದ ಗದ್ದೆಗೆ ಗೊಬ್ಬರವಾಗಲಿ ಅನ್ನೋ ಅರ್ಥದ ಒಂದು ಪದ್ಯ ಬರೆದಿದ್ದಾರೆ, ಸಿ. ಅಶ್ವತ್ಥರ ರಾಗದಲ್ಲಿ ಕೇಳಿರಬಹುದು. 1982ರ ನವೆಂಬರ್ 6ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಫಾರಂ 7ರ ಅರ್ಜಿಗಳ ವಿಚಾರಣೆ ಆಗಲೂ ಎಷ್ಟೋ ಕಡೆ ನಡೀತಾನೇ ಇತ್ತು.